ಮೈಕ್ರೋಲೆನ್ಸ್ ಮೋಲ್ಡ್‌ಗೆ ಸ್ಲೋ ಟೂಲ್ ಸರ್ವೋನಾ, ಫಾಸ್ಟ್ ಟೂಲ್ ಸರ್ವೋನಾ?

ಪುಟ್ಟ ಪುಟ್ಟ ಲೆನ್ಸ್‌ಗಳ ಅಚ್ಚು ಮಾಡಲು ಲೋಹದ ಮೋಲ್ಡನ್ನು ತಿರುಗಿಸುತ್ತಾ ಅದರ ಮುಖದಲ್ಲಿ ಡೈಮಂಡ್ ಟೂಲಿನಿಂದ ಗುಳಿಗಳನ್ನು ಕೊರೆಯುತ್ತೇವೆ. ಟೂಲನ್ನು ಒಳಗೆ ಹೊರಗೆ ಆಡಿಸಲು ಎರಡು ದಾರಿ. ಸ್ಲೋ ಟೂಲ್ ಸರ್ವೋದಲ್ಲಿ ಟೂಲ್ ಹೊತ್ತ ಮಷೀನಿನ ಇಡೀ ಸ್ಲೈಡೇ ಹಿಂದೆ ಮುಂದೆ ಆಡುತ್ತದೆ. ಫಾಸ್ಟ್ ಟೂಲ್ ಸರ್ವೋದಲ್ಲಿ ಡೈಮಂಡ್ ಟೂಲ್ ಮಾತ್ರ ಪೀಜೋ (ವೋಲ್ಟೇಜ್ ಕೊಟ್ಟರೆ ಹಿಗ್ಗುವ ವಸ್ತು) ಮೇಲೆ ಕೂತು ಕುಣಿಯುತ್ತದೆ. ಎರಡನ್ನೂ ಒಂದೇ ಮಷೀನಿನಲ್ಲಿ, ನಿಕಲ್-ಫಾಸ್ಫರಸ್ ಪ್ಲೇಟಿಂಗ್ ಇರುವ ಸ್ಟೀಲ್ ಮೇಲೆ ಓಡಿಸಿದೆ. ಬರೀ ಸ್ಟೀಲ್ ಆದರೆ ಕಬ್ಬಿಣ ಡೈಮಂಡಿನ ಕಾರ್ಬನ್ನನ್ನೇ ತಿಂದುಬಿಡುತ್ತದೆ, ಟೂಲಿನ ಅಂಚು ಉಳಿಯಲ್ಲ.

ಮೊದಲು ತೆಳು ಲೆನ್ಸ್. ಒಂದೊಂದರ ಅಗಲ 0.4 ಮಿ.ಮೀ., ಆಳ ಬರೀ 4 ಮೈಕ್ರಾನ್. ಮೋಲ್ಡ್ ಮುಖದ ವ್ಯಾಸ 40 ಮಿ.ಮೀ. ಸುತ್ತಿಗೆ 5 ಮೈಕ್ರಾನ್ ಫೀಡ್ (ಅಂಚು-ಕೇಂದ್ರದ ನಡುವೆ ಟೂಲ್ ಸರಿಯುವ ದೂರ) ಇಟ್ಟರೆ ಫಿನಿಷಿಂಗ್ ಪಾಸಿಗೆ 4000 ಸುತ್ತು. ಹೊರ ಅಂಚಿನಲ್ಲಿ ಪ್ರತಿ ಸುತ್ತಿಗೂ 300ಕ್ಕಿಂತ ಜಾಸ್ತಿ ಲೆನ್ಸ್ ಎದುರಾಗುತ್ತವೆ. ಪೀಜೋ ಇದನ್ನು 60 ಆರ್‌ಪಿಎಂನಲ್ಲಿ ಆರಾಮಾಗಿ ನಿಭಾಯಿಸಿತು. ಒಂದು ಗಂಟೆ ಚಿಲ್ಲರೆಯಲ್ಲಿ ಕೆಲಸ ಮುಗಿಯಿತು. ಸ್ಲೈಡನ್ನು 2 ಆರ್‌ಪಿಎಂಗಿಂತ ಮೇಲೆ ಒಯ್ಯಲು ಆಗಲಿಲ್ಲ. ಅಂದರೆ 33 ಗಂಟೆ! ಡೈಮಂಡಿಗೆ ನಿಧಾನವಾದರೂ ಬೇಜಾರಿಲ್ಲ, ತೊಂದರೆ ರೂಮಿನ ತಾಪದ್ದು. 100 ಮಿ.ಮೀ. ಸ್ಟೀಲ್ 1 ಡಿಗ್ರಿಗೆ 1 ಮೈಕ್ರಾನಿಗಿಂತ ಜಾಸ್ತಿ ಹಿಗ್ಗುತ್ತದೆ. 4 ಮೈಕ್ರಾನ್ ಆಳದ ಲೆನ್ಸಿಗೆ ಅದು ಕಾಲು ಭಾಗ ಅಲ್ವಾ? ಎಸಿ ಆನ್ ಆಫ್ ಆದದ್ದೆಲ್ಲ ಮುಖದ ಮೇಲೆ ಉಂಗುರವಾಗಿ ಕಾಣುತ್ತದೆ. ಇಲ್ಲಿ ಪೀಜೋಗೆ ಎದುರಾಳಿಯೇ ಇಲ್ಲ.

ಆಳದ ಲೆನ್ಸಿಗೆ ಬಂದರೆ ಲೆಕ್ಕವೇ ಬೇರೆ. ಅಗಲ 1 ಮಿ.ಮೀ., ವಕ್ರತೆಯ ತ್ರಿಜ್ಯ 2.5 ಮಿ.ಮೀ. ಇದ್ದರೆ ಆಳ 50 ಮೈಕ್ರಾನ್. ನಮ್ಮ ಪೀಜೋಗೆ ಅಷ್ಟು ಸ್ಟ್ರೋಕ್ (ಆಡುವ ದೂರ) ಇರಲಿಲ್ಲ. ಸುಮ್ನೆ ನೋಡೋಣ ಅಂತ ಆಳ ಕಮ್ಮಿ ಮಾಡಿ ಓಡಿಸಿದೆ. ಮೈಕ್ರೋಸ್ಕೋಪಿನಲ್ಲಿ ಲೆನ್ಸಿನ ಒಂದು ಅಂಚು ಚೂಪಾಗಿತ್ತು, ಟೂಲ್ ಹೊರಬರುವ ಕಡೆಯ ಅಂಚು ಮೊಂಡಾಗಿತ್ತು. ಟೂಲ್ ಕಮಾಂಡಿಗಿಂತ ಕೊಂಚ ಹಿಂದೆ ಬೀಳುತ್ತಿತ್ತು. ಸ್ಲೋ ಟೂಲ್ ರಾತ್ರಿಯಿಡೀ ಓಡಿತು, ಆದರೆ ಆಕಾರ ಹೇಳಿದ ಹಾಗೆ ಬಂತು.

ಇಲ್ಲಿ ಗಮನ ಬೇಕಾದ್ದು ಟೂಲಿನ ಕ್ಲಿಯರೆನ್ಸ್ ಕೋನ, ಅಂದರೆ ಕತ್ತರಿಸುವ ಅಂಚಿನ ಹಿಂದೆ ಟೂಲ್ ಮೇಲ್ಮೈಯಿಂದ ದೂರ ಸರಿದಿರುವ ಕೋನ. ಈ ಲೆನ್ಸಿನ ಅಂಚಿನಲ್ಲಿ ಇಳಿಜಾರು ಹತ್ತಿರ ಹತ್ತಿರ 11.5 ಡಿಗ್ರಿ. 10 ಡಿಗ್ರಿ ಟೂಲ್ ಹಾಕಿದರೆ ಅದರ ಹಿಮ್ಮಡಿ ಉಜ್ಜುತ್ತದೆ. ಟೂಲ್ ಇಳಿಯುವ ಕಡೆ ಮಾತ್ರ ಮಬ್ಬಾದ ಅರ್ಧಚಂದ್ರ ಕಾಣುತ್ತದೆ. 15 ಡಿಗ್ರಿ ಟೂಲಿಗೆ ಅದು ಮಾಯ. ಪ್ಲೇಟಿಂಗ್ ದಪ್ಪವನ್ನೂ ಮೊದಲೇ ಕೇಳಿಕೊಳ್ಳಿ. ಟೂಲ್ ಒಮ್ಮೆ ಅಡಿಯ ಸ್ಟೀಲ್ ಮುಟ್ಟಿದರೆ ಅದರ ಕಥೆ ಮುಗಿದಂತೆ.

ಫಿನಿಷ್ ವಿಷಯದಲ್ಲಿ ಜಗಳ ಬೇಡ. ಟೂಲ್ ಮೂಗಿನ ತ್ರಿಜ್ಯ 0.5 ಮಿ.ಮೀ., ಅದೇ ಫೀಡ್ ಇದ್ದರೆ ಲೆಕ್ಕದ ಒರಟುತನ ಎರಡರಲ್ಲೂ ಸುಮಾರು 6 ನ್ಯಾನೋಮೀಟರ್.

ಎಲ್ಲ ಥರದ ಆರ್ಡರ್ ಹಿಡಿಯುವ ಸಣ್ಣ ಮೋಲ್ಡ್ ಶಾಪಾದರೆ ನನ್ನ ಓಟು ಸ್ಲೋ ಟೂಲಿಗೆ. ಮೋಲ್ಡ್ ತಿರುಗಿಸುವ ಸ್ಪಿಂಡಲ್‌ಗೆ ಸಿ-ಆಕ್ಸಿಸ್ (ತಿರುಗುವ ಕೋನದ ನಿಖರ ನಿಯಂತ್ರಣ) ಇದ್ದರೆ ಬೇರೆ ಯೂನಿಟ್ ಕೊಳ್ಳುವ ಹಂಗಿಲ್ಲ. ಪೀಜೋ ಆಮೇಲೆ ತಗೊಳ್ಳಿ, ತೆಳು ಲೆನ್ಸಿನ ಆರ್ಡರ್ ಕೈಗೆ ಬಂದಾಗ.