ನಮ್ಮ ಕನ್ನಡ ಅರ್ಥವಾಗದ ಸಾಫ್ಟ್‌ವೇರ್, ಆದರೂ ಬಿಟ್ಟಿಲ್ಲ

ಶಿರಸಿಯಲ್ಲಿ ನಮ್ಮದು ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ (ಸುರಿಯುವಂಥ ನೀರು ಬೆಲ್ಲ), ತೊಡದೇವು ಕಳಿಸುವ ಆನ್‌ಲೈನ್ ಅಂಗಡಿ. ಗ್ರಾಹಕರ ವಾಟ್ಸಾಪ್, ಇಮೇಲ್ ಎಲ್ಲ ಓದಿ, ಯಾವ ಹೊಸ ಮಾತು ಜಾಸ್ತಿಯಾಗುತ್ತಿದೆ ಎಂದು ತಾನಾಗೇ ಹೇಳುವ ಈ ಸಾಫ್ಟ್‌ವೇರ್ ತಗೊಂಡು ವರ್ಷದ ಮೇಲಾಯಿತು. ಫೀಚರ್ ಪಟ್ಟಿ ಅವರ ವೆಬ್‌ಸೈಟಿನಲ್ಲೇ ಇದೆ. ನಾನು ಬರೆಯುತ್ತಿರುವುದು ಒಂದೇ ಸಿಟ್ಟಿಗೆ.

ಮಳೆಗಾಲದಲ್ಲಿ ಬೆಲ್ಲದ ಡಬ್ಬಿಯ ಮುಚ್ಚಳ ಸಡಿಲವಾಗಿ ಕೊರಿಯರ್‌ನಲ್ಲಿ ಸೋರತೊಡಗಿತು. ಒಬ್ಬರು ಕನ್ನಡದಲ್ಲೇ 'ಸೋರಿದೆ' ಎಂದು ಬರೆದರು, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ 'ಲೀಕ್ ಆಗಿದೆ', ಮತ್ತೊಬ್ಬರದು ಪೂರ್ತಿ ಇಂಗ್ಲಿಷ್. ಇದು ಪ್ರತಿ ಮೆಸೇಜನ್ನು ಅಂಕಿಗಳ ಸಾಲಾಗಿಸಿ, ಅರ್ಥ ಹತ್ತಿರವಿದ್ದವನ್ನು ಗುಂಪು ಹಾಕಿ, ಹಿಂದಿನ ವಾರಗಳಿಗಿಂತ ಯಾವ ಗುಂಪು ದಿಢೀರ್ ಬೆಳೆಯಿತು ಅಂತ ನೋಡುತ್ತದೆ. ಒಂದೇ ದೂರು ಮೂರು ಗುಂಪಾಯಿತು, ಯಾವುದೂ ಮಿತಿ ದಾಟಲಿಲ್ಲ, ಎಚ್ಚರಿಕೆಯೇ ಬರಲಿಲ್ಲ. ಕೊನೆಗೆ ಹೇಳಿದ್ದು ಪ್ಯಾಕಿಂಗ್ ಮಾಡುವ ಅಕ್ಕ: "ತಮಾ, ಈ ಸಲದ ಮುಚ್ಚಳ ಸರಿ ಇಲ್ಲೆ." ಆದರೆ ದೀಪಾವಳಿಗೆ ಎಚ್ಚರಿಕೆಯ ಕೆಂಪು ಗುರುತು ಬಂತು, ಗಾಬರಿಯಾಗಿ ತೆರೆದರೆ ಎಲ್ಲವೂ ಹಬ್ಬದ ಶುಭಾಶಯ!

ಆದರೂ ಬೆಳಿಗ್ಗೆ ಕಷಾಯದ ಲೋಟ ಹಿಡಿದು ಮೊದಲು ತೆರೆಯುವುದು ಇದನ್ನೇ. ಅಡ್ರೆಸ್ ಚೀಟಿ ಪ್ರಿಂಟ್ ಹಾಕುವ ಮುಂಚೆ, ಕರೆಂಟ್ ಹೋಗುವ ಮುಂಚೆ. ಚಳಿಗಾಲದಲ್ಲಿ ಒಂದು ದಿನ ಪುಟ್ಟ ಗುಂಪೊಂದು ಮೇಲೆ ಬಂದಿತ್ತು, ಹೆಸರಿನ ಜಾಗದಲ್ಲಿ ನಾಲ್ಕೇ ಪದ, ಕನ್ನಡದಲ್ಲಿ ಹೇಳುವುದಾದರೆ: ತಳ, ಹರಳು, ಸಕ್ಕರೆ, ಕಲಬೆರಕೆ. ಚಳಿಗೆ ಜೋನಿ ಬೆಲ್ಲ ತಳದಲ್ಲಿ ಹರಳುಗಟ್ಟುತ್ತದೆ, ನಮ್ಮ ಕಡೆ ಯಾರೂ ಅದನ್ನು ಕೇಳುವುದಿಲ್ಲ. ಬೆಂಗಳೂರಿನವರಿಗೆ ಮಾತ್ರ ಸಕ್ಕರೆ ಬೆರೆಸಿದ್ದಾರೆ ಎಂಬ ಅನುಮಾನ. ಫೋನ್ ನೋಡುವುದು ನಾನು, ಹೆಂಡತಿ, ತಂಗಿ ಮೂವರು. ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಿದ್ದೆವು, ಎಲ್ಲರದೂ ಒಂದೇ ಅನುಮಾನ ಎಂದು ಯಾರಿಗೂ ಹೊಳೆದಿರಲಿಲ್ಲ. 'ಹರಳಾದರೆ ಡಬ್ಬಿ ಬಿಸಿನೀರಿನಲ್ಲಿಡಿ' ಎಂದು ಚೀಟಿ ಅಂಟಿಸಿದೆವು, ಆ ಮಾತೇ ನಿಂತಿತು. ಆ ಮೆಸೇಜುಗಳು ಹೆಚ್ಚುಕಡಿಮೆ ಎಲ್ಲ ಇಂಗ್ಲಿಷಿನಲ್ಲಿದ್ದವು ಬಿಡಿ, ಅದಕ್ಕೇ ಸಿಕ್ಕಿದ್ದು. ಆದರೂ ಅವತ್ತು ಸಿಟ್ಟು ಅರ್ಧ ಇಳಿಯಿತು.

ತಿಂಗಳ ಬಾಡಿಗೆ ನಮ್ಮಂಥವರಿಗೆ ಭಾರವೇ. ದಿನಕ್ಕೆ ಹತ್ತಿಪ್ಪತ್ತು ಮೆಸೇಜ್ ಬರುವವರು ಸುಮ್ನೆ ದುಡ್ಡು ಹಾಕಬೇಡಿ, ಕೂತು ಓದಿದರೆ ಸಾಕು, ಅಷ್ಟರಲ್ಲಿ ಗುಂಪೂ ಸರಿಯಾಗಿ ಕಟ್ಟುವುದಿಲ್ಲ. ಸಪೋರ್ಟಿನವರು ಒಂದೇ ಅರ್ಥದ ಪದಗಳ ಪಟ್ಟಿ ಕೊಟ್ಟರೆ ಸೇರಿಸುತ್ತೇವೆ ಅಂದಿದ್ದಾರೆ, ಕಳಿಸಿದ್ದೇನೆ. ಬರುವ ಮಳೆಗಾಲ ನೋಡಿಕೊಂಡು ವರ್ಷದ ಪ್ಲಾನ್ ಯೋಚನೆ ಮಾಡುತ್ತೇನೆ, ಅಲ್ಲಿಯವರೆಗೆ ತಿಂಗಳಿಗೆ ತಿಂಗಳು. ಐದಕ್ಕೆ ಮೂರು ಸ್ಟಾರ್.