ನಾಯಿ ಸುತ್ತಾಡಿಸಲು ಪಕ್ಕದ ಮನೆಯವರೋ, ಸಂಬಳದ ಹುಡುಗನೋ?

ಮಂಗಳೂರಿನ ಕದ್ರಿ ಕಡೆ ಫ್ಲ್ಯಾಟ್, ಮನೆಯಲ್ಲಿ ನಾಯಿ, ವಾಕಿಂಗಿಗೆ ಟೈಮಿಲ್ಲ ಅಂದರೆ ಇರುವುದು ಇವೆರಡೇ ದಾರಿ. ಸಂಬಳದ ಹುಡುಗನಾದರೆ ಬಾರದಿದ್ದಾಗ ಧೈರ್ಯವಾಗಿ ಕೇಳಬಹುದು. ಆದರೆ ಜೂನ್ ಮಳೆಗೆ ಎಷ್ಟು ದಿನ ಬರುತ್ತಾನೆ ನೋಡಿ! ಪಕ್ಕದ ಮನೆಯವರ ಜೊತೆ ಹಂಚಿಕೊಂಡರೆ ಖರ್ಚು ಕಡಿಮೆ, ನಾಯಿಗೂ ಇನ್ನೊಂದು ಮನೆ ಸಿಕ್ಕ ಹಾಗೆ, ನೀವು ಊರಿಗೆ ಹೋದಾಗ ಚಿಂತೆಯೂ ಇಲ್ಲ. ತಕರಾರು ಬರುವುದು ಊಟದಲ್ಲಿ. ನಮ್ಮ ಪಕ್ಕದ ಆಂಟಿ ಪ್ರೀತಿಯಿಂದ ಮೀನು ಗಸಿ (ಮಸಾಲೆ ಸಾರು) ಅನ್ನ ಹಾಕುತ್ತಿದ್ದರು. ಮುಳ್ಳು ಗಂಟಲಿಗೆ ಚುಚ್ಚುತ್ತದೆ, ಗಸಿಯಲ್ಲಿರುವ ಈರುಳ್ಳಿಯಂತೂ ನಾಯಿಗೆ ವಿಷ, ಆದರೂ ಬೇಡ ಅಂತ ಹೇಳುವುದು ಕಷ್ಟ ಅಲ್ವಾ? ಯಾರಿಗೇ ಕೊಡಿ, ಮಳೆಗಾಲದಲ್ಲಿ ನಿಂತ ನೀರು ಕುಡಿಯಲು ಬಿಡಬೇಡಿ ಅಂತ ಹೇಳಿ, ಇಲಿಜ್ವರದ ಭಯ. ರೇಬೀಸ್ ಲಸಿಕೆಯ ಕಾರ್ಡನ್ನೂ ತೋರಿಸಿ. ನನ್ನ ಓಟು ಆಂಟಿಗೇ, ಗಸಿ ಬಿಟ್ಟು.