ನೇತ್ರಾಣಿ ಡೈವ್‌ಗೆ ಹೋದರೆ ರೂಮು ಎಲ್ಲಿ ಮಾಡಬೇಕು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮುರುಡೇಶ್ವರ ರೈಲ್ವೆ ಸ್ಟೇಷನ್ ಕಡೆ ಸಿಗುವ ಮನೆ ರೂಮಿಗೆ. ಸಮುದ್ರ ಕಾಣಲ್ಲ, ಏಸಿ ಇಲ್ಲ, ಫ್ಯಾನ್ ಸ್ವಲ್ಪ ಸದ್ದು ಮಾಡುತ್ತದೆ. ಆದರೂ ಹಾಸನದಿಂದ ಇಲ್ಲಿನ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ, ಅಂದರೆ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಈಜುವ ಡೈವ್, ಮಾಡಲು ಹೋಗುವವರಿಗೆ ಇಷ್ಟು ಸರಿಹೋಗುವ ಜಾಗ ಬೇರೆ ಇಲ್ಲ. ದೇವಸ್ಥಾನದ ಹತ್ತಿರದ ಸೀ ವ್ಯೂ ಲಾಡ್ಜ್, ಡೈವ್‌ನವರ ಪ್ಯಾಕೇಜ್‌ನಲ್ಲಿ ಬರುವ ಡಾರ್ಮಿಟರಿ, ಭಟ್ಕಳದ ಲಾಡ್ಜ್ ಎಲ್ಲದರಲ್ಲೂ ಮಲಗಿ ಎದ್ದ ಮೇಲೆ ಈ ಮಾತು.

   

ಸೀ ವ್ಯೂ ಲಾಡ್ಜ್ ಚೆನ್ನಾಗಿಲ್ಲ ಅಂತಲ್ಲ. ಬಾಲ್ಕನಿಗೆ ಬಂದರೆ 123 ಅಡಿ ಶಿವ ಎದುರಿಗೇ ಕೂತಿರುತ್ತಾನೆ, ಬಾಡಿಗೆ ಕೊಡುವುದೇ ಅದಕ್ಕೆ. ತಲೆನೋವು ಚೆಕ್‌ಔಟ್‌ದು. ಬೆಳಗ್ಗೆ 10ಕ್ಕೆ ರೂಮು ಖಾಲಿ ಮಾಡಬೇಕು. ಆ ಹೊತ್ತಿಗೆ ನಾವು ಸಮುದ್ರದ ಮಧ್ಯೆ ಇರುತ್ತೇವೆ. ದ್ವೀಪ ದಡದಿಂದ ಸುಮಾರು 19 ಕಿಲೋಮೀಟರ್ ದೂರ. ದೋಣಿಯಲ್ಲಿ ಹೋಗಿ, ನಮ್ಮ ಸರದಿ ಬಂದಾಗ ನೀರಿಗಿಳಿದು, ಮೇಲೆ ಬಂದ ಮೇಲೂ ಉಳಿದವರ ಸರದಿ ಮುಗಿಯುವ ತನಕ ಕಾಯಬೇಕು. ದಡ ಮುಟ್ಟುವಾಗ ಮಧ್ಯಾಹ್ನದ ಊಟದ ಹೊತ್ತು ದಾಟಿರುತ್ತದೆ.

ಹಾಗಾಗಿ ಬೆಳಗಿನ ಜಾವವೇ ಬ್ಯಾಗ್ ಕಟ್ಟಿ ರಿಸೆಪ್ಷನ್‌ನಲ್ಲಿ ಇಟ್ಟು ಹೋದೆವು. ವಾಪಸ್ ಬಂದಾಗ ಮೈಯೆಲ್ಲ ಉಪ್ಪು, ಬಟ್ಟೆಯಿಂದ ನೀರು ಸೋರುತ್ತಿದೆ. ಸ್ನಾನಕ್ಕೆ ಅರ್ಧ ಗಂಟೆ ರೂಮು ಕೊಡಿ ಅಂದರೆ, 'ಒಂದು ದಿನದ ಬಾಡಿಗೆ ಆಗುತ್ತೆ ಸರ್' ಅಂದರು. ಅರ್ಧ ಬಾಡಿಗೆ ಅಂದೆ, ಮ್ಯಾನೇಜರ್ ಇಲ್ಲ ಅಂದರು. ಮ್ಯಾನೇಜರ್ ಯಾವಾಗ ಬರ್ತಾರೆ ಅಂದರೆ ಅದಕ್ಕೂ ಉತ್ತರ ಇಲ್ಲ. ಕೊನೆಗೆ ಹೊರಗೆ ದುಡ್ಡು ಕೊಟ್ಟು ಸ್ನಾನ ಮಾಡುವ ಜಾಗದಲ್ಲಿ ಕ್ಯೂ ನಿಂತಿದ್ದಾಯಿತು. ಶನಿವಾರದ ರೇಟು ತೆತ್ತು ಈ ಪಾಡು ಬೇಕಾ?

ಸ್ನಾನ ಹೇಗೋ ಆಗುತ್ತದೆ ಬಿಡಿ. ನಮ್ಮಂಥ ಘಾಟಿ ಮೇಲಿನವರಿಗೆ ಡೈವ್ ಆದ ಮೇಲಿನ ರಾತ್ರಿಗೂ ರೂಮು ಬೇಕು, ಇದನ್ನು ಜಾಸ್ತಿ ಜನ ಲೆಕ್ಕಕ್ಕೇ ತಗೊಳ್ಳಲ್ಲ. ನೀರಿನ ಆಳದ ಒತ್ತಡದಲ್ಲಿ ಉಸಿರಾಡಿದಾಗ ನೈಟ್ರೋಜನ್ ಮೈಯಲ್ಲಿ ಕರಗಿ ಸೇರಿಕೊಳ್ಳುತ್ತದೆ. ಅದು ಹೊರಗೆ ಹೋಗಲು ಸಮಯ ಬೇಕು. ಅಷ್ಟರೊಳಗೆ ಗಾಳಿಯ ಒತ್ತಡ ಕಡಿಮೆ ಇರುವ ಎತ್ತರಕ್ಕೆ ಹೋದರೆ ಅದು ಮೈಯೊಳಗೇ ಗಾಳಿಗುಳ್ಳೆ ಕಟ್ಟುವ ಅಪಾಯ ಇದೆ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಜಾಸ್ತಿ ಆದರೆ 18 ಗಂಟೆ ಬಿಟ್ಟು ವಿಮಾನ ಹತ್ತಿ ಅನ್ನುತ್ತದೆ ಡೈವ್ ಮಾಡುವವರ ಸುರಕ್ಷತೆ ನೋಡುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಅನ್ನುವ ಸಂಸ್ಥೆ. ವಿಮಾನ ಯಾರು ಹತ್ತುತ್ತಾರೆ ಅಂತೀರಾ? ಸುಮಾರು 600 ಮೀಟರ್‌ಗಿಂತ ಎತ್ತರದ ಊರಿಗೆ ಕಾರಲ್ಲಿ ಹೋಗುವವರಿಗೂ ಅದೇ ಲೆಕ್ಕ. ಹಾಸನ ಇರುವುದು 900 ಮೀಟರ್‌ಗಿಂತ ಮೇಲೆ. ಮಧ್ಯಾಹ್ನ ಊಟ ಮಾಡಿ ಕಾರು ಹತ್ತಿದರೆ ಆ ರಾತ್ರಿಯೇ ಶಿರಾಡಿ ಘಾಟಿ ಹತ್ತುತ್ತಿರುತ್ತೇವೆ, ಅಲ್ವಾ?

ಇದೇ ಕಾರಣಕ್ಕೆ ಸಕಲೇಶಪುರದ ಬಿಟ್ಟಿ ಹೋಂಸ್ಟೇಯನ್ನೂ ಬಿಟ್ಟೆ. ಗೆಳೆಯನ ಮಾವನ ಎಸ್ಟೇಟು, ಊಟವೂ ಅವರದೇ. ಆದರೆ ಅದೂ ಘಾಟಿ ಮೇಲೆಯೇ. ಹೋಗುವಾಗ ಬೇಕಾದರೆ ಉಳಿಯಿರಿ.

ಮನೆ ರೂಮಿನಲ್ಲಿ ಲೆಕ್ಕ 24 ಗಂಟೆಯದು. ರಾತ್ರಿ ಹಾಸನದಲ್ಲಿ ಪಂಚಗಂಗಾ ರೈಲು ಹತ್ತಿದರೆ ಬೆಳಗ್ಗೆ ಮುರುಡೇಶ್ವರ. ಆಗಲೇ ಬಾಗಿಲು ತೆಗೆದು ಕೊಡುತ್ತಾರೆ, ಬೇಗ ಬಂದಿರಿ ಅಂತ ಅರ್ಧ ದಿನದ್ದು ಕೇಳಲ್ಲ. ಆ ದಿನ ಆರಾಮ, ಮಾರನೇ ದಿನ ಡೈವ್, ಅದರ ಮರುದಿನ ಬೆಳಗ್ಗೆ ಊರಿಗೆ. ರಾತ್ರಿಗೆ 800 ಕೊಟ್ಟೆ, ಎರಡು ರಾತ್ರಿ ಸೇರಿದರೂ ಸೀ ವ್ಯೂನ ಒಂದು ಶನಿವಾರಕ್ಕಿಂತ ಕಡಿಮೆ. ಹಿತ್ತಿಲಲ್ಲಿ ನಲ್ಲಿ ಇದೆ, ಒದ್ದೆ ಬಟ್ಟೆ ಅಲ್ಲೇ ಜಾಲಿಸಿ ಹಗ್ಗದ ಮೇಲೆ ಹಾಕಬಹುದು. ಮನೆಯ ಅಮ್ಮ ಬೆಳಗ್ಗೆ ಎರಡೇ ಇಡ್ಲಿ ಕೊಟ್ಟು, 'ಹೊಟ್ಟೆ ತುಂಬ ತಿನ್ಬೇಡಿ ಮಾರಾಯ್ರೆ, ದೋಣೀಲಿ ವಾಂತಿ ಆಗ್ತದೆ' ಅಂದರು. ಕೇಳದೆ ಹೊರಗೆ ಹೋಗಿ ಪೂರಿ ತಿಂದವನ ಕತೆ ಇಲ್ಲಿ ಬೇಡ.

ಡಾರ್ಮಿಟರಿ ಒಬ್ಬರೇ ಹೋಗುವ ಹುಡುಗರಿಗೆ ಪರವಾಗಿಲ್ಲ. ಆದರೆ ಗಾಳಿ ಜೋರಾಗಿ ದೋಣಿ ಹೋಗದಿದ್ದರೆ ರೂಮಿನ ದುಡ್ಡೂ ಅವರ ಹತ್ತಿರವೇ ಸಿಕ್ಕಿಕೊಳ್ಳುತ್ತದೆ. ನಾನು ರೂಮು ಬೇರೆ, ಡೈವ್ ಬೇರೆ ಮಾಡುವವನು.

ಭಟ್ಕಳ ಅಗ್ಗ, ಬೆಳಗ್ಗೆ ಆಟೋ ಸಿಗುವುದು ಕಷ್ಟ. ಬಿರಿಯಾನಿಗೆ ಮಾತ್ರ ಒಂದು ಸಂಜೆ ಹೋಗಿ ಬನ್ನಿ.

ಮನೆ ರೂಮು ಇರುವುದು ಎರಡೇ, ಡಿಸೆಂಬರ್ ಕೊನೆಯ ವಾರ ಸಿಗುವುದಿಲ್ಲ. ಆಗ ಸೀ ವ್ಯೂಗೇ ಹೋಗಿ. ಫೋನ್ ಮಾಡುವಾಗಲೇ ಎರಡು ರಾತ್ರಿ ಅಂತ ಹೇಳಿ ರೇಟು ಇಳಿಸಿ, ಆಮೇಲೆ ಮ್ಯಾನೇಜರ್ ಸಿಗಲ್ಲ.